ಕಬ್ಬನ್ ಅನ್ನುವ ಹೆಸರು ಎಲ್ಲಿಂದ ಬಂತು?

ಪ್ರಶ್ನೆ: ನಾನು ಬೆಂಗಳೂರಿನ ಕಬ್ಬನ್‌ಪೇಟೆಯಲ್ಲಿ ಹುಟ್ಟಿ ಬೆಳೆದವಳು. ಇಲ್ಲಿ ಹಿಂದೆ ಕಬ್ಬಿಣದ ಕೆಲಸ ನಡೆಯುತ್ತಿತ್ತು, ಅದಕ್ಕೇ ಈ ಹೆಸರು ಅಂತ ನಮ್ಮ ತಾತ ಹೇಳುತ್ತಿದ್ದರು. ಶಾಲೆಯಲ್ಲಿ ಮಾತ್ರ ಕಬ್ಬನ್ ಒಬ್ಬ ಇಂಗ್ಲಿಷ್ ಅಧಿಕಾರಿ ಅಂತ ಓದಿದ್ದೆ. ಈಗ ನನ್ನ ಮಗ ಲಂಡನ್ನಿನಲ್ಲಿದ್ದಾನೆ. ಐದು ವರ್ಷದಲ್ಲಿ ಆ ಹೆಸರಿನ ಒಬ್ಬರೂ ಅವನ ಕಣ್ಣಿಗೆ ಬಿದ್ದಿಲ್ಲವಂತೆ. ಇದು ಎಂಥ ಹೆಸರು? ಇದಕ್ಕೆ ಅರ್ಥ ಏನಾದರೂ ಇದೆಯೇ?

ಉತ್ತರ: ಅರ್ಥ ಇದೆ. ಕಬ್ಬನ್ ಅಂದರೆ ‘ಗಿಬ್ಬನ್ನನ ಮಗ’. ಗಿಬ್ಬನ್ ಅನ್ನುವುದು ಗಿಲ್ಬರ್ಟ್ ಎಂಬ ಹೆಸರನ್ನು ಮನೆಯವರು ಪ್ರೀತಿಯಿಂದ ಮೊಟಕು ಮಾಡಿ ಕರೆದ ರೂಪ. ನಮ್ಮಲ್ಲಿ ವೆಂಕಟೇಶ ವೆಂಕಿ ಆಗುವ ಹಾಗೆ, ಲಕ್ಷ್ಮಿ ಲಚ್ಚಿ ಆಗುವ ಹಾಗೆ.

ನಿಮ್ಮ ಮಗನಿಗೆ ಲಂಡನ್ನಿನಲ್ಲಿ ಕಬ್ಬನ್‌ಗಳು ಸಿಗದಿದ್ದರಲ್ಲಿ ಆಶ್ಚರ್ಯವಿಲ್ಲ. ಈ ಹೆಸರು ಇಂಗ್ಲೆಂಡಿನದೇ ಅಲ್ಲ. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಿನ ಸಮುದ್ರದಲ್ಲಿ ಐಲ್ ಆಫ್ ಮ್ಯಾನ್ ಅಂತ ಒಂದು ಪುಟ್ಟ ದ್ವೀಪವಿದೆ. ವಿಸ್ತಾರ 572 ಚದರ ಕಿಲೋಮೀಟರ್, ಅಂದರೆ ಇವತ್ತಿನ ಬೆಂಗಳೂರು ನಗರಕ್ಕಿಂತ ಚಿಕ್ಕದು. 2021ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 84 ಸಾವಿರ ಜನ. ಬ್ರಿಟಿಷ್ ರಾಜಮನೆತನದ ಅಧೀನದಲ್ಲಿದ್ದರೂ ಅದು ಯುನೈಟೆಡ್ ಕಿಂಗ್‌ಡಮ್‌ನ ಭಾಗವಲ್ಲ. ಟಿನ್‌ವಾಲ್ಡ್ ಅನ್ನುವ ಅದರ ಸ್ವಂತ ಸಂಸತ್ತು ವೈಕಿಂಗ್ ಕಾಲದಿಂದ ಬಂದದ್ದು. ಮ್ಯಾಂಕ್ಸ್ ಅನ್ನುವ ಸ್ವಂತ ಭಾಷೆಯೂ ಇದೆ. ಅದು ಐರಿಷ್ ಮತ್ತು ಸ್ಕಾಟಿಷ್ ಗೇಲಿಕ್ ಭಾಷೆಗಳ ತಂಗಿ. ಕಬ್ಬನ್ ಹುಟ್ಟಿದ್ದು ಆ ಭಾಷೆಯಲ್ಲಿ. ಹಾಗಾಗಿ ನಮ್ಮ ಶಾಲೆಯ ಪುಸ್ತಕಗಳಲ್ಲಿ ‘ಇಂಗ್ಲಿಷ್ ಅಧಿಕಾರಿ’ ಅಂತ ಬರೆದಾಗ ಆ ದ್ವೀಪದವರಿಗೆ ಸ್ವಲ್ಪ ಅನ್ಯಾಯವಾಗುತ್ತದೆ. ಕೊಡವರನ್ನು ಬೆಂಗಳೂರಿನವರು ಅಂತ ಕರೆದರೆ ಹೇಗಿರುತ್ತದೆ ಯೋಚಿಸಿ.

ಈಗ ಹೆಸರು ಆದ ಬಗೆಗೆ ಬರೋಣ. ನನಗೆ ಇದರಲ್ಲಿ ಅತಿ ಇಷ್ಟದ ಭಾಗ ಇದೇ.

ಗೇಲಿಕ್ ಭಾಷೆಗಳಲ್ಲಿ ಮಗನಿಗೆ ‘ಮ್ಯಾಕ್’ ಅನ್ನುತ್ತಾರೆ. ಸ್ಕಾಟ್ಲೆಂಡಿನ ಮ್ಯಾಕ್‌ಡೊನಾಲ್ಡ್ ಅಂದರೆ ಡೊನಾಲ್ಡನ ಮಗ. ಇದು ನಿಮಗೂ ಗೊತ್ತಿರುತ್ತದೆ. ಸ್ಕಾಟ್ಲೆಂಡಿನವರು ಈ ಮ್ಯಾಕ್ ಅನ್ನು ಹೆಸರಿನ ಮುಂದೆ ಜೋಪಾನವಾಗಿ ಉಳಿಸಿಕೊಂಡರು. ಮ್ಯಾನ್ ದ್ವೀಪದವರು ಅದನ್ನು ನುಂಗಿಬಿಟ್ಟರು. ಮಾತಿನಲ್ಲಿ ಒತ್ತು ಬೀಳುತ್ತಿದ್ದದ್ದು ಅಪ್ಪನ ಹೆಸರಿನ ಮೇಲೆ. ಮುಂದಿನ ಮ್ಯಾಕ್ ಸುಮ್ನೆ ಹಗುರವಾಗಿ ಬಂದು ಹೋಗುತ್ತಿತ್ತು. ಬರಬರುತ್ತಾ ‘ಮ್ಯಾ’ ಸವೆದು ಹೋಯಿತು. ಉಳಿದದ್ದು ಕೊನೆಯ ‘ಕ್’ ಒಂದೇ. ಆ ‘ಕ್’ ಹೋಗಿ ಅಪ್ಪನ ಹೆಸರಿಗೆ ಅಂಟಿಕೊಂಡಿತು.

ಮ್ಯಾಕ್ ವಿಲಿಯಂ ಹೀಗೆ ಕ್ವಿಲಿಯಂ ಆಯಿತು. ಮ್ಯಾಕ್ ಫಿಲಿಪ್ ಕಿಲಿಪ್ ಆಯಿತು. ಮ್ಯಾಕ್ ಐಸಾಕ್ ಕಿಸಾಕ್ ಆಯಿತು. ಮ್ಯಾಕ್ ಗಿಬ್ಬನ್ ಕಬ್ಬನ್ ಆಯಿತು. ಮ್ಯಾನ್ ದ್ವೀಪದ ಹಳೆಯ ಹೆಸರುಗಳ ಪಟ್ಟಿ ತೆಗೆದು ನೋಡಿ, ಬಹುಪಾಲು ಇಂಗ್ಲಿಷ್‌ನ ಸಿ, ಕೆ ಅಥವಾ ಕ್ಯೂ ಅಕ್ಷರದಿಂದಲೇ ಶುರುವಾಗುತ್ತವೆ. ಕ್ವೇಲ್, ಕರ್ಮೋಡ್, ನೀಲ್, ಕ್ಯಾನೆಲ್, ಕ್ವೈನ್, ಕ್ವರ್ಕ್. (ನೀಲ್ ಅನ್ನು ಬರೆಯುವಾಗ ಮೊದಲಿಗೆ ಒಂದು ಕೆ ಇರುತ್ತದೆ.) ಕಾಣೆಯಾದ ಮ್ಯಾಕ್ ಬಿಟ್ಟುಹೋದ ಗುರುತು ಅದು.

ನಮಗೆ ಇದು ಬಹಳ ಬೇಗ ಅರ್ಥವಾಗಬೇಕು. ನಮ್ಮ ಕನ್ನಡದಲ್ಲೇ ಆದೇಶ ಸಂಧಿ ಇದೆಯಲ್ವಾ? ಮಳೆ ಕಾಲ ಸೇರಿದರೆ ಮಳೆಗಾಲ. ಎರಡು ಪದ ಕೂಡುವಾಗ ‘ಕ’ ಹೋಗಿ ‘ಗ’ ಬರುತ್ತದೆ. ಮ್ಯಾನ್ ದ್ವೀಪದಲ್ಲಿ ಇದೇ ತಿರುಗಾಮುರುಗಾ ನಡೆದಿದೆ. ಮ್ಯಾಕ್‌ನ ಕೊನೆಯ ‘ಕ್’ ಬಂದು ಗಿಬ್ಬನ್ನನ ‘ಗ’ಕಾರಕ್ಕೆ ತಗುಲಿತು. ‘ಗ’ ಸೋತಿತು, ‘ಕ’ ಗೆದ್ದಿತು. ಗಿಬ್ಬನ್‌ನ ‘ಇ’ ಸ್ವರ ಕೂಡ ಗೇಲಿಕ್ ಬಾಯಲ್ಲಿ ಹಿಂದೆ ಸರಿದು ಕಬ್ಬನ್‌ನ ‘ಅ’ಕ್ಕೆ ಹತ್ತಿರವಾಯಿತು. ಇದು ಒಂದು ದ್ವೀಪದಲ್ಲಿ ಮಾತ್ರ ಆದ ಅಪಘಾತವಲ್ಲ. ಸಮುದ್ರದ ಆಚೆ ದಡದಲ್ಲಿ, ಸ್ಕಾಟ್ಲೆಂಡಿನ ನೈಋತ್ಯ ಮೂಲೆಯ ಗ್ಯಾಲೊವೇ ಸೀಮೆಯಲ್ಲಿ, ಮೆಕ್‌ಕಬಿನ್ ಅನ್ನುವ ಹೆಸರಿದೆ. ಅಲ್ಲೂ ಅದೇ ಸ್ವರ, ಅದೇ ‘ಕ’. ಮ್ಯಾಕ್ ಒಂದು ಮಾತ್ರ ಜಾಸ್ತಿ ಉಳಿದಿದೆ.

ನಿಮ್ಮ ತಾತ ಹೇಳಿದ ಕಬ್ಬಿಣದ ಮಾತಿಗೆ ಇಲ್ಲೇ ಉತ್ತರ ಕೊಡುತ್ತೇನೆ. ಕಬ್ಬನ್‌ಪೇಟೆಗೆ ಆ ಹೆಸರು ಬಂದದ್ದು ಬ್ರಿಟಿಷರ ಕಾಲದಲ್ಲಿ ಮೈಸೂರು ಸೀಮೆಯ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ನಿಂದ. ಆ ಪೇಟೆ ಹೆಸರಾದದ್ದು ನೇಕಾರಿಕೆಗೆ. ಅದು ನಿಮಗೇ ಚೆನ್ನಾಗಿ ಗೊತ್ತು. ಆದರೆ ತಾತನ ಊಹೆಯನ್ನು ನಾನು ತಳ್ಳಿಹಾಕಿ ಮುಂದೆ ಹೋಗಲಾರೆ. ಹೊರಗಿನಿಂದ ಬಂದ ಗೊತ್ತಿಲ್ಲದ ಹೆಸರಿಗೆ ತನ್ನ ನುಡಿಯಲ್ಲಿ ಅರ್ಥ ಹುಡುಕುವುದು ಎಲ್ಲ ಊರಿನ ಜನ ಮಾಡುವ ಕೆಲಸ. ಅದರ ಮೇಲೆ ಕಬ್ಬಿಣದ ಕಥೆಯೂ ಕಬ್ಬನ್ ಕಥೆಯ ಹಾಗೇ ಇದೆ. ಹಳಗನ್ನಡದಲ್ಲಿ ಅದು ಕರ್ಬುನ. ಕರಿಯ ಪೊನ್, ಅಂದರೆ ಕಪ್ಪು ಲೋಹ. ‘ಕರ್’ ಮತ್ತು ‘ಪೊನ್’ ಕೂಡಿದವು, ‘ಪ’ ಹೋಗಿ ‘ಬ’ ಬಂತು, ಆಮೇಲೆ ರಕಾರವೂ ಸವೆದು ಕಬ್ಬುನವಾಯಿತು, ಕಬ್ಬಿಣವಾಯಿತು. ಎರಡು ಪದಗಳು, ಎರಡು ದೇಶಗಳು, ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೂ ಎರಡೂ ಬಾಯಲ್ಲಿ ಸವೆದು ಸವೆದು ಹತ್ತಿರ ಹತ್ತಿರದ ಸದ್ದಿಗೆ ಬಂದು ನಿಂತಿವೆ.

ಸರಿ, ಗಿಬ್ಬನ್ ಗಿಲ್ಬರ್ಟನ ಮುದ್ದಿನ ರೂಪ ಅಂದೆ. ಗಿಲ್ಬರ್ಟ್ ಎಲ್ಲಿಯವನು? ಅದು ಹಳೆಯ ಜರ್ಮನಿಕ್ ಹೆಸರು. ಫ್ರಾನ್ಸಿನ ನಾರ್ಮಂಡಿಯ ಜನ 1066ರಲ್ಲಿ ಇಂಗ್ಲೆಂಡನ್ನು ಗೆದ್ದರು, ಅವರ ಜೊತೆ ಈ ಹೆಸರೂ ಬಂದು ಜನಪ್ರಿಯವಾಯಿತು. ಅದರಲ್ಲಿ ಎರಡು ತುಂಡುಗಳಿವೆ. ‘ಗಿಸಿಲ್’ ಅಂದರೆ ಒತ್ತೆ. ‘ಬೆರ್ಹ್ಟ್’ ಅಂದರೆ ಹೊಳೆಯುವ, ಹೆಸರುವಾಸಿಯಾದ. ಆ ಕಾಲದಲ್ಲಿ ಇಬ್ಬರು ದೊರೆಗಳು ರಾಜಿ ಮಾಡಿಕೊಂಡರೆ ಮಾತಿಗೆ ಭದ್ರತೆಯಾಗಿ ದೊಡ್ಡ ಮನೆಯ ಮಕ್ಕಳನ್ನು ಒತ್ತೆ ಇಡುತ್ತಿದ್ದರು. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾದಾಗ ಟಿಪ್ಪು ಸುಲ್ತಾನ ತನ್ನ ಇಬ್ಬರು ಗಂಡುಮಕ್ಕಳನ್ನು ಕಾರ್ನ್‌ವಾಲಿಸ್‌ನ ಕೈಗೆ ಒಪ್ಪಿಸಿದ ಹಾಗೆ. ಆದರೆ ಜರ್ಮನಿಕ್ ಹೆಸರುಗಳಲ್ಲಿ ಎರಡು ತುಂಡುಗಳನ್ನು ಸೇರಿಸಿ ಒಂದೇ ಅರ್ಥ ಹೊಲಿಯಬಾರದು. ಅವರು ಅಪ್ಪನ ಹೆಸರಿನಿಂದ ಒಂದು ತುಂಡು, ಅಮ್ಮನ ಕಡೆಯಿಂದ ಒಂದು ತುಂಡು ತೆಗೆದು ಜೋಡಿಸುವುದೂ ಇತ್ತು.

ಗಿಬ್ಬನ್ ಅಂದ ಕೂಡಲೇ ಮರದಿಂದ ಮರಕ್ಕೆ ಜೋತಾಡುವ ವಾನರ ನೆನಪಾಗುತ್ತದೆ, ಅಲ್ವಾ? ಆ ಹೆಸರು 18ನೇ ಶತಮಾನದಲ್ಲಿ ಫ್ರೆಂಚ್ ಮೂಲಕ ಬಂದದ್ದು. ಇದಕ್ಕೂ ಅದಕ್ಕೂ ನಂಟಿಲ್ಲ.

ಗಿಲ್ಬರ್ಟನ ಮಕ್ಕಳು ಮಾತ್ರ ಬ್ರಿಟನ್ ತುಂಬ ಇದ್ದಾರೆ. ಇಂಗ್ಲೆಂಡಿನಲ್ಲಿ ಗಿಬ್ಸ್, ಗಿಬ್ಸನ್, ಗಿಬ್ಬನ್ಸ್. ಐರ್ಲೆಂಡಿನಲ್ಲಿ ಫಿಟ್ಸ್‌ಗಿಬ್ಬನ್. ಅಲ್ಲಿನ ‘ಫಿಟ್ಸ್’ ನಾರ್ಮನ್ನರ ಮಾತಿನಲ್ಲಿ ಮಗ. ಸ್ಕಾಟ್ಲೆಂಡಿನಲ್ಲಿ ಮ್ಯಾಕ್‌ಗಿಬ್ಬನ್ ಮತ್ತು ಮೆಕ್‌ಕಬಿನ್. ರೋಮ್ ಸಾಮ್ರಾಜ್ಯದ ಕುಸಿತದ ಇತಿಹಾಸ ಬರೆದ ಎಡ್ವರ್ಡ್ ಗಿಬ್ಬನ್ ಕೂಡ, ಆಸ್ಟ್ರೇಲಿಯಾದ ಕಾಡುಗಳ ಚಿತ್ರ ಬರೆದ ಫ್ರೆಡರಿಕ್ ಮೆಕ್‌ಕಬಿನ್ ಕೂಡ ಇದೇ ಬೇರಿನ ಹೆಸರಿನವರು. ಹಾಗಂತ ಇವರೆಲ್ಲ ಒಂದೇ ಮನೆತನದವರು ಅಂದುಕೊಳ್ಳಬೇಡಿ. ಇಲ್ಲಿ ಜನ ಹೆಚ್ಚು ತಪ್ಪು ಮಾಡುತ್ತಾರೆ. ನಮ್ಮಲ್ಲಿ ಹತ್ತು ಊರಿನಲ್ಲಿ ಹತ್ತು ಜನ ರಾಮೇಗೌಡರು ಇರುತ್ತಾರೆ. ಅವರ ಮಕ್ಕಳೆಲ್ಲ ದಾಯಾದಿಗಳಾಗುವುದಿಲ್ಲ. ಹಾಗೇ ಬೇರೆ ಬೇರೆ ಸೀಮೆಯಲ್ಲಿ ಬೇರೆ ಬೇರೆ ಗಿಲ್ಬರ್ಟರು ಇದ್ದರು. ಹೆಸರಿನ ಬೇರು ಒಂದು, ರಕ್ತದ ಬೇರು ಬೇರೆ.

ಒಂದು ಕಾಲಕ್ಕೆ ಈ ‘ಮ್ಯಾಕ್’ ಹೆಸರು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತಿತ್ತು. ಗಿಬ್ಬನ್ನನ ಮಗ ಡೊನಾಲ್ಡ್ ಅಂದುಕೊಳ್ಳಿ. ಅವನು ಡೊನಾಲ್ಡ್ ಮ್ಯಾಕ್ ಗಿಬ್ಬನ್. ಅವನ ಮಗ ಫಿಲಿಪ್ ಆದರೆ ಫಿಲಿಪ್ ಮ್ಯಾಕ್ ಡೊನಾಲ್ಡ್. ಗಿಬ್ಬನ್ ಅಲ್ಲಿಗೇ ಮುಗಿದ. ನಮ್ಮ ಇನಿಷಿಯಲ್ ಪದ್ಧತಿಯೂ ಇದೇ. ಅಪ್ಪನ ಹೆಸರು ಒಂದು ಅಕ್ಷರವಾಗಿ ಮಗನ ಜೊತೆ ಬರುತ್ತದೆ, ಮೊಮ್ಮಗನ ಹೊತ್ತಿಗೆ ಬೇರೆ ಅಕ್ಷರ. ನಂತರ ಯಾವುದೋ ಒಂದು ತಲೆಮಾರಿನಲ್ಲಿ ಹೆಸರು ಹೆಪ್ಪುಗಟ್ಟಿತು. ಗಿಬ್ಬನ್ನನ ಮಗನ ಮಗನೂ, ಅವನ ಮಗನೂ ಗಿಬ್ಬನ್ನನ ಮಗನೇ ಆದರು.

ಹೀಗೆ ಹೆಪ್ಪುಗಟ್ಟುವುದು ಏಕೆ? ಬರೆದಿಡುವವನು ಬಂದಾಗ. 1405ರಿಂದ ಆ ದ್ವೀಪ ಸ್ಟ್ಯಾನ್ಲಿ ಅನ್ನುವ ಇಂಗ್ಲಿಷ್ ಮನೆತನದ ಕೈಗೆ ಹೋಯಿತು. ಅವರಿಗೆ ಕಂದಾಯ ಬೇಕು. ಕಂದಾಯಕ್ಕೆ ಪಟ್ಟಿ ಬೇಕು. ಪಟ್ಟಿಯಲ್ಲಿ ಒಕ್ಕಲಿನ ಹೆಸರು ಬೇಕು. 1511ರಿಂದ 1515ರವರೆಗಿನ ಅಂಥ ಭೂಕಂದಾಯದ ಪಟ್ಟಿಗಳು ಇವತ್ತಿಗೂ ಉಳಿದಿವೆ. ಅವುಗಳ ತುಂಬ ಮ್ಯಾಕ್ ಹೆಸರುಗಳು. ಬರೆದ ಗುಮಾಸ್ತರಿಗೆ ಮ್ಯಾಂಕ್ಸ್ ಬರುತ್ತಿರಲಿಲ್ಲ. ಆ ಭಾಷೆಗೆ ಆಗ ಗೊತ್ತಾದ ಕಾಗುಣಿತವೂ ಇರಲಿಲ್ಲ. ಕಿವಿಗೆ ಬಿದ್ದದ್ದನ್ನು ಬಂದ ಹಾಗೆ ಬರೆದುಕೊಂಡರು. ಅದಕ್ಕೇ ಒಂದೇ ಹೆಸರು ಒಂದೊಂದು ಕಡೆ ಒಂದೊಂದು ರೀತಿ ಕಾಣುತ್ತದೆ. ಮುಂದೆ 17ನೇ ಶತಮಾನದಲ್ಲಿ ಚರ್ಚುಗಳು ನಾಮಕರಣ, ಮದುವೆ, ಸಾವಿನ ಲೆಕ್ಕ ಇಡುವ ಹೊತ್ತಿಗೆ ಬರವಣಿಗೆಯಲ್ಲೂ ಮ್ಯಾಕ್ ಹೆಚ್ಚುಕಡಿಮೆ ಮಾಯವಾಗಿತ್ತು. ಬಾಯಲ್ಲಿ ಮೊದಲೇ ಹೋಗಿದ್ದು ಕಾಗದದಿಂದ ನಿಧಾನವಾಗಿ ಹೋಯಿತು.

ಇದು ಎಲ್ಲೋ ದೂರದ ಹಳೆಯ ಕಥೆ ಅನ್ನಿಸಿದರೆ ನಿಮ್ಮ ಮಗನ ಪಾಸ್‌ಪೋರ್ಟ್ ತೆಗೆದು ನೋಡಿ. ‘ಸರ್‌ನೇಮ್’ ಅನ್ನುವ ಕಡೆ ಏನಿದೆ? ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿ ಅಲ್ಲಿ ಅಪ್ಪನ ಹೆಸರು ಅಥವಾ ಊರಿನ ಹೆಸರು ಇರುತ್ತದೆ. ಆ ಹುಡುಗ ವಿದೇಶದಲ್ಲಿ ನೆಲೆಸುತ್ತಾನೆ. ಅವನ ಮಕ್ಕಳಿಗೂ ಅದೇ ಸರ್‌ನೇಮ್ ಬೀಳುತ್ತದೆ. ಅಜ್ಜನ ಹೆಸರು ಮೊಮ್ಮಕ್ಕಳ ಮನೆತನದ ಹೆಸರಾಗಿಬಿಡುತ್ತದೆ. 500 ವರ್ಷದ ಹಿಂದೆ ಆ ದ್ವೀಪದಲ್ಲಿ ಕಂದಾಯದ ಗುಮಾಸ್ತ ಮಾಡಿದ ಕೆಲಸವನ್ನು ಇವತ್ತು ಪಾಸ್‌ಪೋರ್ಟಿನ ಅರ್ಜಿ ನಮ್ಮ ಕಣ್ಣೆದುರಿಗೇ ಮಾಡುತ್ತಿದೆ. ಈಗ ಅಜ್ಜನ ಬಗ್ಗೆ ನಾಲ್ಕು ಮಾತು ಬರೆದಿಟ್ಟರೆ ಆ ಮೊಮ್ಮಕ್ಕಳಿಗೆ ಮುಂದೆ ಹುಡುಕಾಡುವ ಕಷ್ಟವಿರುವುದಿಲ್ಲ. ದಯವಿಟ್ಟು ಬರೆದಿಡಿ.

ಇನ್ನು ಈ ಹೆಸರು ಬೆಂಗಳೂರಿಗೆ ಬಂದ ದಾರಿ. ದ್ವೀಪದ ಈಶಾನ್ಯ ತುದಿಯಲ್ಲಿ ಒಂದು ಹಳ್ಳಿಯಿದೆ. ಇಂಗ್ಲಿಷ್ ಕಾಗುಣಿತ ನೋಡಿದರೆ ‘ಮಾಘೋಲ್ಡ್’ ಅಂತ ಓದುತ್ತೇವೆ, ಅಲ್ಲಿಯವರು ಹೇಳುವುದು ಮ್ಯಾಕಲ್ಡ್. ಅಲ್ಲಿನ ಚರ್ಚಿನ ಪಾದ್ರಿ ಥಾಮಸ್ ಕಬ್ಬನ್. ಅವರ ಹೆಂಡತಿ ಮಾರ್ಗರೆಟ್, ವಿಲ್ಕ್ಸ್ ಮನೆತನದವರು. ಇವರ ಮಗ ಮಾರ್ಕ್ ಕಬ್ಬನ್ ಹುಟ್ಟಿದ್ದು 1775ರಲ್ಲಿ. ಹುಡುಗನಿಗೆ ಸೋದರಮಾವನ ಹೆಸರನ್ನೇ ಇಟ್ಟರು. ಆ ಸೋದರಮಾವ ಯಾರು ಗೊತ್ತೇ? ಮಾರ್ಕ್ ವಿಲ್ಕ್ಸ್. ಮೈಸೂರಿನಲ್ಲಿ ರೆಸಿಡೆಂಟ್, ಅಂದರೆ ಅರಮನೆಯಲ್ಲಿ ಬ್ರಿಟಿಷರ ಪ್ರತಿನಿಧಿ, ಆಗಿದ್ದವರು, ಮೈಸೂರಿನ ಇತಿಹಾಸವನ್ನು ಮೂರು ಸಂಪುಟಗಳಲ್ಲಿ ಬರೆದವರು, 1815ರಲ್ಲಿ ನೆಪೋಲಿಯನ್‌ನನ್ನು ಸೆರೆಯಾಗಿ ಸೇಂಟ್ ಹೆಲೆನಾ ದ್ವೀಪಕ್ಕೆ ತಂದಾಗ ಅಲ್ಲಿನ ಗವರ್ನರ್ ಆಗಿದ್ದವರು. ಮಾವ ಹಾಕಿಕೊಟ್ಟ ದಾರಿಯಲ್ಲೇ ಅಳಿಯನೂ ಮದ್ರಾಸಿನ ಸೇನೆ ಸೇರಿದ.

1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ತೆಗೆದುಕೊಂಡರು. ಆಡಳಿತದ ಕಚೇರಿಗಳು ಬೆಂಗಳೂರಿಗೆ ಬಂದವು. 1834ರಲ್ಲಿ ಕಬ್ಬನ್ ಕಮಿಷನರ್ ಆದರು. ಅಲ್ಲಿಂದ 1861ರವರೆಗೆ, ಅಂದರೆ 27 ವರ್ಷ, ಮೈಸೂರು ಸೀಮೆ ಅವರ ಕೈಯಲ್ಲಿತ್ತು. ಮದುವೆಯಾಗಲಿಲ್ಲ. ಕೊನೆಗೆ ಕಾಯಿಲೆ ಬಿದ್ದು ಊರಿಗೆ ಹೊರಟರು. ದಾರಿಯಲ್ಲಿ, 1861ರ ಏಪ್ರಿಲ್‌ನಲ್ಲಿ, ಸೂಯೆಜ್‌ನಲ್ಲಿ ತೀರಿಕೊಂಡರು. ದೇಹವನ್ನು ದ್ವೀಪಕ್ಕೆ ಒಯ್ದು, ತಂದೆ ಪಾದ್ರಿಯಾಗಿದ್ದ ಅದೇ ಮ್ಯಾಕಲ್ಡ್ ಚರ್ಚಿನಲ್ಲಿ ಮಣ್ಣು ಮಾಡಿದರು.

ಅವರ ಹೆಸರಿನ ಪಾರ್ಕನ್ನು ಅವರು ನೋಡಿಯೇ ಇಲ್ಲ. ಅದನ್ನು ಇಂಜಿನಿಯರ್ ರಿಚರ್ಡ್ ಸ್ಯಾಂಕಿ ರೂಪಿಸಿದ್ದು 1870ರಲ್ಲಿ. ಮೊದಲು ಅದಕ್ಕೆ ಆಗಿನ ಕಮಿಷನರ್ ಜಾನ್ ಮೀಡ್ ಅವರ ಹೆಸರಿತ್ತು. ಆಮೇಲೆ ಕಬ್ಬನ್ ಪಾರ್ಕ್ ಆಯಿತು. 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ ಅಂತ ಅಧಿಕೃತವಾಗಿ ಬದಲಾಯಿಸಿದರು. ಆದರೂ ಜನರ ಬಾಯಲ್ಲಿ ಕಬ್ಬನ್ ಉಳಿಯಿತು, ಮೆಟ್ರೋ ನಿಲ್ದಾಣದ ಫಲಕದ ಮೇಲೂ ಅದೇ ಇದೆ. ಹೈಕೋರ್ಟಿನ ಎದುರು ಬಹುಕಾಲ ಇದ್ದ ಅವರ ಕುದುರೆ ಸವಾರಿಯ ಪ್ರತಿಮೆ, ಕಾರ್ಲೊ ಮರೊಚೆಟ್ಟಿ ಮಾಡಿದ್ದು, 2020ರಲ್ಲಿ ಪಾರ್ಕಿನ ಒಳಗೆ ಹೋಯಿತು.

ದ್ವೀಪದಲ್ಲಿ ಹೆಸರು ಅಳಿದಿಲ್ಲ. ಮ್ಯಾಂಕ್ಸ್ ಮ್ಯೂಸಿಯಂನ ನಿರ್ದೇಶಕರಾಗಿದ್ದ ವಿಲಿಯಂ ಕಬ್ಬನ್ ಆ ದ್ವೀಪದ ಬಗ್ಗೆ ಬಂದ ಪುಸ್ತಕಗಳನ್ನೆಲ್ಲ ಹುಡುಕಿ ಎರಡು ದೊಡ್ಡ ಸಂಪುಟಗಳ ಪಟ್ಟಿ ಮಾಡಿದರು. ಅವರ ಬಗ್ಗೆ ನನಗೆ ಬಹಳ ಗೌರವವಿದೆ. ಅವರಂಥವರು ಕೂತು ಮಾಡಿದ ಪಟ್ಟಿಗಳಿಲ್ಲದಿದ್ದರೆ ನಾನು ಇವತ್ತು ಈ ಉತ್ತರ ಬರೆಯುವುದಕ್ಕೇ ಆಗುತ್ತಿರಲಿಲ್ಲ. ಹೊರಗೆ ಹೋದ ಮ್ಯಾಂಕ್ಸ್ ಜನ ಹೆಚ್ಚಾಗಿ ಎದುರಿಗಿರುವ ಲಿವರ್‌ಪೂಲ್ ಮತ್ತು ಲ್ಯಾಂಕಾಷೈರ್ ಕಡೆ ನೆಲೆಸಿದರು. 1820ರ ದಶಕದಲ್ಲಿ ಒಂದಷ್ಟು ಕುಟುಂಬಗಳು ಅಮೆರಿಕದ ಒಹಾಯೊಗೆ, ಕ್ಲೀವ್‌ಲ್ಯಾಂಡ್ ಸುತ್ತಮುತ್ತ ಹೋದವು. ಹಾಗಾಗಿ ನಿಮ್ಮ ಮಗ ಹುಡುಕಬೇಕಾದ್ದು ಲಂಡನ್ನಿನಲ್ಲಲ್ಲ, ಲಿವರ್‌ಪೂಲ್ ಕಡೆ.

ಅವನಿಗೆ ನಿಜವಾಗಿ ಆಸಕ್ತಿ ಇದ್ದರೆ ಎರಡು ವಿಷಯ ಹೇಳಿ. ಒಂದು, ‘ನಿಮ್ಮ ಮನೆತನದ ಲಾಂಛನ’ ಅಂತ ಹೆಸರಿಗೊಂದು ಗುರಾಣಿಯ ಚಿತ್ರ ಮಾರುವ ಅಂಗಡಿಗಳಿವೆ. ಅದನ್ನು ನಂಬಬೇಡ ಅನ್ನಿ. ಇಂಗ್ಲಿಷ್ ಪದ್ಧತಿಯಲ್ಲಿ ಲಾಂಛನ ಒಬ್ಬ ವ್ಯಕ್ತಿಗೆ ಮತ್ತು ಅವನ ನೇರ ಸಂತತಿಗೆ ಸೇರಿದ್ದು, ಆ ಹೆಸರಿನ ಎಲ್ಲರಿಗೂ ಅಲ್ಲ. ಎರಡನೆಯದು ಸಂತೋಷದ ವಿಷಯ. ಮ್ಯಾನ್ ದ್ವೀಪದ ಹಳೆಯ ದಾಖಲೆಗಳಲ್ಲಿ ಮದುವೆಯಾದ ಹೆಣ್ಣುಮಕ್ಕಳ ತವರಿನ ಹೆಸರು ಅಳಿಸಿಹೋಗುವುದಿಲ್ಲ. ಗೋರಿಕಲ್ಲುಗಳ ಮೇಲೂ ಗಂಡನ ಮನೆಯ ಹೆಸರು, ತವರಿನ ಹೆಸರು ಎರಡನ್ನೂ ಕೆತ್ತಿರುತ್ತಾರೆ, ನಡುವೆ ‘ಏಲಿಯಾಸ್’ ಅಂತ ಒಂದು ಪದ ಹಾಕಿ. ವಂಶ ಹುಡುಕುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಇಂಗ್ಲೆಂಡಿನ ದಾಖಲೆಗಳಲ್ಲಿ ಅಜ್ಜಿಯರ ತವರು ಹುಡುಕಿ ಕಣ್ಣು ನೋಯಿಸಿಕೊಂಡವರಿಗೆ ಇದರ ಬೆಲೆ ಗೊತ್ತು.

ರಜೆ ಸಿಕ್ಕಾಗ ಹಡಗು ಹತ್ತಿ ದ್ವೀಪದ ರಾಜಧಾನಿ ಡಗ್ಲಸ್‌ಗೆ ಹೋಗಲಿ. ಅಲ್ಲಿಂದ ರಾಮ್ಸೆ ಕಡೆಗೆ ಕಡಲ ದಂಡೆಯ ಗುಡ್ಡಗಳ ಮೇಲೆ ಹಳೆಯ ಎಲೆಕ್ಟ್ರಿಕ್ ರೈಲು ಓಡುತ್ತದೆ, 1890ರ ದಶಕದ್ದು. ಮ್ಯಾಕಲ್ಡ್ ಇರುವುದು ಆ ಕಡೆಯೇ. ಚರ್ಚಿನ ಅಂಗಳದಲ್ಲಿ ಸಾವಿರ ವರ್ಷಕ್ಕಿಂತ ಹಳೆಯ ಕೆತ್ತನೆಯ ಶಿಲುಬೆಗಳ ದೊಡ್ಡ ಸಂಗ್ರಹವಿದೆ. ಅದನ್ನೂ ನೋಡಲಿ, ಕಬ್ಬನ್ ಇರುವ ಜಾಗವನ್ನೂ ನೋಡಲಿ. ಯಾರನ್ನಾದರೂ ಕೇಳುವಾಗ ಮಾತ್ರ ನಮ್ಮ ಹಾಗೆ ‘ಬ್ಬ’ ಒತ್ತಿ ಹೇಳಬಾರದು. ಇಂಗ್ಲಿಷ್ ಕಾಗುಣಿತದಲ್ಲಿ ಎರಡು ಬಿ ಇರುವುದು ಹಿಂದಿನ ಸ್ವರ ಮೊಟಕು ಅಂತ ತೋರಿಸಲಿಕ್ಕೆ. ಒತ್ತಕ್ಷರ ನಾವು ಬೆಂಗಳೂರಿನಲ್ಲಿ ಸೇರಿಸಿಕೊಂಡದ್ದು. ಅಲ್ಲಿ ಹಗುರವಾಗಿ ‘ಕಬನ್’ ಅಂದರೆ ಸಾಕು, ದಾರಿ ತೋರಿಸುತ್ತಾರೆ.